ವಿಮಾನವನ್ನು ಮುಂದಕ್ಕೆ ತಳ್ಳುವುದು ಯಾವುದು?

ಪ್ರಶ್ನೆ: ದೇವನಹಳ್ಳಿಯ ರನ್‌ವೇ ಮೇಲೆ ವಿಮಾನ ಓಡುವುದು ಕಾರಿನ ಹಾಗೆ ಚಕ್ರದ ಬಲದಿಂದಲೇ? ಆಮೇಲೆ ಮೇಲೇಳುವುದು ಹೇಗೆ?
– ಯಲಹಂಕದ ಓದುಗರೊಬ್ಬರು

ಉತ್ತರ: ಅಲ್ಲ ಸಾರ್. ಚಕ್ರಗಳನ್ನು ಎಂಜಿನ್ ತಿರುಗಿಸುವುದಿಲ್ಲ, ಅವು ಸುಮ್ನೆ ಉರುಳುತ್ತವೆ. ಎಂಜಿನ್ ಮುಂದಿನ ಗಾಳಿಯನ್ನು ಎಳೆದು ಜೋರಾಗಿ ಹಿಂದಕ್ಕೆ ಎಸೆಯುತ್ತದೆ. ಆ ಗಾಳಿ ಎಂಜಿನ್ನನ್ನು ಮುಂದಕ್ಕೆ ಒತ್ತುತ್ತದೆ. ನ್ಯೂಟನ್‌ನ ಮೂರನೇ ನಿಯಮ ಇದೇ. ನಿವೃತ್ತಿಗೆ ಮುಂಚೆ ನಾನು ಎಂಜಿನ್ ಪರೀಕ್ಷೆಯ ಕೆಲಸದಲ್ಲಿದ್ದೆ. ಚಕ್ರವೂ ಇಲ್ಲ, ರಸ್ತೆಯೂ ಇಲ್ಲ, ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದ ಎಂಜಿನ್ ಅದನ್ನು ಮುಂದಕ್ಕೆ ದಬ್ಬುತ್ತಿತ್ತು. ಮೀಟರಿನ ಮುಳ್ಳು ಏರುವುದನ್ನು ನೋಡಲು ನನಗೆ ಯಾವತ್ತೂ ಬೇಸರವಾಗಲಿಲ್ಲ.

ಎ320 ನಿಯೋ ಅನ್ನೋ ಪ್ರಯಾಣಿಕ ವಿಮಾನದ ಎಂಜಿನ್‌ನಲ್ಲಿ ಒಂದು ಪಾಲು ಗಾಳಿ ಒಳಗೆ ಉರಿಯುವ ಕಡೆ ಹೋದರೆ, ಹತ್ತಕ್ಕೂ ಜಾಸ್ತಿ ಪಾಲನ್ನು ದೊಡ್ಡ ಫ್ಯಾನ್ ಹೊರಗಿನಿಂದಲೇ ಹಿಂದಕ್ಕೆ ನೂಕುತ್ತದೆ. ಹೀಗೆ ಮಾಡಿದರೆ ಇಂಧನ ಉಳಿಯುತ್ತದೆ.

ಸಾಕಷ್ಟು ವೇಗ ಬಂದಾಗ ಪೈಲಟ್ ವಿಮಾನದ ಮೂತಿ ಎತ್ತುತ್ತಾರೆ. ರೆಕ್ಕೆ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ, ಗಾಳಿ ರೆಕ್ಕೆಯನ್ನು ಮೇಲೆತ್ತುತ್ತದೆ.

ನಮ್ಮ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ, ಅಲ್ವಾ? ಇಲ್ಲಿ ಗಾಳಿ ತೆಳು. ಬಿಸಿಲು ಅಷ್ಟೇ ಇದ್ದರೆ, ಅದೇ ಭಾರದ ವಿಮಾನ ಚೆನ್ನೈಗಿಂತ ಇಲ್ಲಿ ಜಾಸ್ತಿ ದೂರ ಓಡಬೇಕು. ಏಪ್ರಿಲ್ ಮಧ್ಯಾಹ್ನ ಗಾಳಿ ಕಾದು ಇನ್ನೂ ತೆಳುವಾಗುತ್ತದೆ, ಓಟವೂ ಉದ್ದವಾಗುತ್ತದೆ.