ಕಾಳೂಗೆ ಸಮುದ್ರ ಆಗಿ ಬರೋಲ್ಲವಾ?

ಈ ಸಲ ಬಂದ ಪತ್ರಗಳಲ್ಲಿ ಮೂರು ನಾಯಿ ಮತ್ತು ಕಡಲಿನದ್ದೇ. ಚಳಿಗಾಲ ಬಂತಲ್ಲ, ಘಟ್ಟದ ಮೇಲಿನವರೆಲ್ಲ ಕೆಳಗಿಳಿಯುವ ಹೊತ್ತು.

ಪ್ರಶ್ನೆ: ಡಾಕ್ಟ್ರೇ, ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮನೆಯಲ್ಲಿ ನಾಲ್ಕು ವರ್ಷದ ಊರ ನಾಯಿ ಇದೆ, ಹೆಸರು ಕಾಳು. ತೋಟ ಬಿಟ್ಟು ಬೇರೆ ಲೋಕ ಕಂಡವನಲ್ಲ. ದೀಪಾವಳಿ ಮುಗಿದ ಮೇಲೆ ಕಾರವಾರದ ತಂಗಿ ಮನೆಗೆ ಹೋಗುವಾಗ ಮಗಳ ಹಟಕ್ಕೆ ಅವನನ್ನೂ ಕಾರಿಗೆ ಹತ್ತಿಸಿದೆವು. ದೇವಿಮನೆ ಘಟ್ಟದಲ್ಲಿ ಎರಡು ಸಲ ವಾಂತಿ. ಕಡಲತೀರದಲ್ಲಿ ಮಾತ್ರ ಹುಚ್ಚು ಹಿಡಿದ ಹಾಗೆ ಕುಣಿದ, ಚೆಂಡು ಎಸೆದಷ್ಟೂ ತಂದ, ಮಧ್ಯಾಹ್ನದವರೆಗೆ ನೀರು ಬಿಟ್ಟು ಬರಲಿಲ್ಲ. ರಾತ್ರಿ ಇಡೀ ನೀರು ನೀರಾಗಿ ಭೇದಿ. ತಂಗಿ ಮನೆ ಅಂಗಳ ತೊಳೆದು ತೊಳೆದು ಸಾಕಾಯ್ತು. ಈಗ ಮಗಳು ಮತ್ತೆ ಶುರು ಮಾಡಿದ್ದಾಳೆ. ಈ ನಾಯಿಗೆ ಸಮುದ್ರ ಆಗಿ ಬರೋಲ್ಲವಾ?

ಉತ್ತರ: ಸಮುದ್ರ ಆಗಿ ಬರುತ್ತದೆ. ಅದರ ನೀರು ಆಗಿ ಬರುವುದಿಲ್ಲ, ಅಷ್ಟೇ.

ಕಾಳು ನೀರು ಕುಡಿದದ್ದನ್ನು ನೀವು ನೋಡಿರಲಿಕ್ಕಿಲ್ಲ. ಯಾಕೆಂದರೆ ಅವನು ಬಾಯಿ ಇಟ್ಟು ಕುಡಿದಿಲ್ಲ. ತೆರೆಯ ಮೇಲೆ ತೇಲುವ ಚೆಂಡು ಕಚ್ಚಲು ಬಾಯಿ ತೆಗೆದಾಗಲೆಲ್ಲ ಒಂದು ಗುಟುಕು ಒಳಗೆ ಹೋಗಿದೆ. ನಲವತ್ತು ಸಲ ಎಸೆದರೆ ನಲವತ್ತು ಗುಟುಕು. ಒಂದು ಲೀಟರ್ ಕಡಲ ನೀರಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ, ಅಂದರೆ ಎರಡು ದೊಡ್ಡ ಚಮಚ. ಒಂದು ಲೀಟರ್ ಅಪ್ಪೆಹುಳಿಗೆ ಅಷ್ಟು ಉಪ್ಪು ಹಾಕಿ ನೋಡಿ, ಮನೆಯಲ್ಲಿ ಯಾರೂ ಬಾಯಿಗೆ ಇಡೋಲ್ಲ. ಈ ಉಪ್ಪು ಕರುಳಿಗೆ ಇಳಿದ ಮೇಲೆ ಮೈಯಲ್ಲಿದ್ದ ನೀರನ್ನೂ ತನ್ನ ಕಡೆ ಎಳೆದುಕೊಳ್ಳುತ್ತದೆ. ಅದಕ್ಕೇ ಆ ಭೇದಿ. ಜೊತೆಗೆ ಒದ್ದೆ ಚೆಂಡಿಗೆ ಅಂಟಿದ ಮರಳೂ ಹೊಟ್ಟೆ ಸೇರುತ್ತದೆ. ಅದು ಜಾಸ್ತಿಯಾದರೆ ಕರುಳಲ್ಲೇ ಕಟ್ಟಿಕೊಳ್ಳುತ್ತದೆ, ಅದು ಭೇದಿಗಿಂತ ದೊಡ್ಡ ತಾಪತ್ರಯ.

ಹಾಗಾಗಿ ಚೆಂಡು ಮನೆಯಲ್ಲೇ ಇರಲಿ. ಅದರ ಬದಲು ಐದು ಲೀಟರ್ ಸಿಹಿನೀರು, ಒಂದು ಅಗಲದ ಪಾತ್ರೆ. ಹದಿನೈದು ನಿಮಿಷಕ್ಕೊಮ್ಮೆ ಕರೆದು ಸ್ವಲ್ಪ ಸ್ವಲ್ಪ ಕುಡಿಸಿ. ಬಾಯಾರಿದ ನಾಯಿ ಉಪ್ಪು ಅಂತ ಗೊತ್ತಾದರೂ ಕಡಲಿಗೇ ಬಾಯಿ ಹಾಕುತ್ತದೆ. ಒಂದೆರಡು ಸಲ ಭೇದಿಯಾದರೆ ಹೆದರಬೇಡಿ. ಆದರೆ ಮೇಲಿಂದ ಮೇಲೆ ವಾಂತಿ, ನಡೆಯುವಾಗ ಓಲಾಟ, ಮೈ ನಡುಕ ಕಂಡರೆ ಉಪ್ಪು ತಲೆಗೇರಿದೆ ಅಂತ ಲೆಕ್ಕ. ಆಗ ಒಮ್ಮೆಲೇ ಬಕೆಟ್ ನೀರು ಕುಡಿಸಲು ಹೋಗಬೇಡಿ, ಅದೂ ಅಪಾಯವೇ. ತಕ್ಷಣ ಪಶು ಆಸ್ಪತ್ರೆಗೆ ಹೋಗಿ. ನಮ್ಮ ಭೇದಿ ಮಾತ್ರೆಯಲ್ಲಿ ಅರ್ಧ ಮುರಿದು ಕೊಡುವ ಅಭ್ಯಾಸ ಬಹಳ ಮನೆಗಳಲ್ಲಿದೆ, ದಯವಿಟ್ಟು ಬೇಡ.

ಘಟ್ಟದ ವಾಂತಿಗೆ ಹೊಟ್ಟೆ ಖಾಲಿ ಇಡುವುದೇ ಮೊದಲ ಮದ್ದು. ಹೊರಡುವ ನಾಲ್ಕು ತಾಸು ಮೊದಲು ಊಟ ಮುಗಿದಿರಲಿ. ಪ್ರೀತಿ ಉಕ್ಕಿ ಬೆಳಿಗ್ಗೆ ದೋಸೆ ಹಾಕಿದ್ದೀರಿ ಅಂತ ನನ್ನ ಅನುಮಾನ. ತಿರುವು ಶುರುವಾಗುವ ಮೊದಲು ನಿಲ್ಲಿಸಿ ಐದು ನಿಮಿಷ ಅಡ್ಡಾಡಿಸಿ, ಕಿಟಕಿ ನಾಲ್ಕು ಬೆರಳಷ್ಟು ತೆಗೆದಿಡಿ. ಆದರೂ ವಾಂತಿಯಾದರೆ ನಾಯಿಗೆಂದೇ ಔಷಧ ಇದೆ, ನಿಮ್ಮೂರ ಡಾಕ್ಟರನ್ನು ಕೇಳಿ.

ಇನ್ನು ಹೊತ್ತು. ಮಧ್ಯಾಹ್ನದವರೆಗೆ ಇದ್ದದ್ದು ತಪ್ಪು. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಅಂಗಾಲಲ್ಲಿ ಸ್ವಲ್ಪ ಅಷ್ಟೇ, ಉಳಿದದ್ದೆಲ್ಲ ನಾಲಿಗೆ ಚಾಚಿ ಏದುಸಿರು ಬಿಟ್ಟೇ ಆಗಬೇಕು. ಮಾಜಾಳಿ ಹತ್ತಿರ ತಿಳಮಾತಿ ಅಂತ ಒಂದು ತೀರ ಇದೆ, ಎಳ್ಳು ಹರವಿದ ಹಾಗೆ ಕಪ್ಪು ಮರಳು. ನೋಡಲು ಚಂದ, ಆದರೆ ಕಪ್ಪು ಮರಳು ಬೇಗ ಕಾಯುತ್ತದೆ. ಅಂಗೈ ಹಿಂಭಾಗವನ್ನು ಮರಳಿಗೆ ಒತ್ತಿ ಏಳು ಎಣಿಸಿ. ನಿಮಗೆ ತಡೆಯದಿದ್ದರೆ ಅವನಿಗೂ ತಡೆಯುವುದಿಲ್ಲ.

ತಂಗಿ ಮನೆಯಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ಆರೂವರೆಗೆಲ್ಲ ಟಾಗೋರ್ ಕಡಲತೀರಕ್ಕೆ ಹೋಗಿ. ಎರಡು ತಾಸು ಸಾಕು. ಕೋಡಿಬಾಗ ಕಡೆ ಕಾಳಿ ನದಿ ಸಮುದ್ರ ಸೇರುವಲ್ಲಿ ಮಾತ್ರ ನೀರಿಗೆ ಬಿಡಬೇಡಿ, ಇಳಿತದ ಹೊತ್ತಿಗೆ ಅಲ್ಲಿನ ಸೆಳೆತ ಮನುಷ್ಯರನ್ನೇ ಬಿಡುವುದಿಲ್ಲ.

ಉದ್ದ ಹಗ್ಗ ಕಟ್ಟಿ, ಅವನು ಎಳೆದ ಕಡೆ ನೀವು ಹೋಗಿ. ನಾಯಿಗೆ ಕಡಲು ಅಂದರೆ ಈಜಲ್ಲ, ಮೂಗು. ಒಂದು ಬೆಳಿಗ್ಗೆ ನನ್ನ ನಾಯಿ ಏಡಿ ಬಿಲದ ಮುಂದೆ ಇಪ್ಪತ್ತು ನಿಮಿಷ ನಿಂತಿತ್ತು. ಮೂಗು ಒಳಗೆ, ಬಾಲ ನೆಟ್ಟಗೆ, ಮರಳು ಉಸಿರಿಗೆ ಪುಸ್ ಪುಸ್ ಅಂತ ಹಾರುತ್ತಿತ್ತು. ಏಡಿ ಮೂರು ಅಡಿ ಆಚೆ ಇನ್ನೊಂದು ಬಿಲದಿಂದ ಕಣ್ಣು ಮೇಲೆ ಮಾಡಿ ನೋಡುತ್ತಿತ್ತು. ಮನೆಗೆ ಬಂದು ಸಂಜೆವರೆಗೆ ಮಲಗಿತು, ಒಂದು ಹನಿ ಉಪ್ಪುನೀರು ಕುಡಿದಿರಲಿಲ್ಲ.

ಒಂದೇ ಜಾಗದಲ್ಲಿ ಹಗ್ಗ ಗಿಡ್ಡ ಮಾಡಿ. ಮೀನುಗಾರರು ಏಂಡಿ ಬಲೆ (ದಡಕ್ಕೆ ಎಳೆಯುವ ದೊಡ್ಡ ಬಲೆ) ಎಳೆದು ಮುಗಿದ ಮೇಲೆ ಬೇಡದ ಮೀನು ಅಲ್ಲೇ ಬಿದ್ದಿರುತ್ತದೆ. ಅದರಲ್ಲಿ ಚೆಂಡಿನ ಹಾಗೆ ಹೊಟ್ಟೆ ಉಬ್ಬಿಸಿಕೊಳ್ಳುವ ಮೀನೂ ಇರಬಹುದು. ಅದರ ವಿಷ ಸತ್ತ ಮೇಲೂ ಹೋಗುವುದಿಲ್ಲ. ಗಾಳದ ಕೊಕ್ಕೆ ತುಟಿಗೆ ಸಿಕ್ಕಿಸಿಕೊಂಡು ಬಂದ ನಾಯಿಗಳನ್ನೂ ಸಾಕಷ್ಟು ನೋಡಿದ್ದೇನೆ. ತೀರದ ನಾಯಿಗಳಿಗೆ ಹೊಸಬ ಬಂದರೆ ಸಿಟ್ಟು, ಅದಕ್ಕೆ ರೇಬೀಸ್ ಲಸಿಕೆ ಆಗದೆ ಘಟ್ಟ ಇಳಿಸಲೇಬೇಡಿ.

ಪ್ರಶ್ನೆ: ಹೊನ್ನಾವರದ ಕಾಸರಕೋಡಿಗೆ ನಾಯಿ ಕರೆದುಕೊಂಡು ಹೋಗಬಹುದಾ? ಅಲ್ಲಿ ತುಂಬಾ ಚೊಕ್ಕ ಇರುತ್ತದಂತೆ.

ಉತ್ತರ: ಚೊಕ್ಕ ಇರುವುದಕ್ಕೇ ಕಷ್ಟ. ಆ ತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು, ಅಂದರೆ ಚೊಕ್ಕ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆಯ ಬಾವುಟ. ಆ ಬಾವುಟ ಉಳಿಯಬೇಕಾದರೆ ನಾಯಿ ಮತ್ತು ಬೇರೆ ಸಾಕುಪ್ರಾಣಿಗಳ ಓಡಾಟಕ್ಕೆ ಬಿಗಿ ಕಡಿವಾಣ ಇರಬೇಕು. ಅಲ್ಲಿಗೆ ಹೋಗಿ ಗೇಟಿನಲ್ಲಿ ಜಗಳ ಆಡುವುದಕ್ಕಿಂತ ಮೊದಲೇ ವಿಚಾರಿಸಿ. ಕಾಸರಕೋಡಿನಲ್ಲೇ ಟೊಂಕ ಅನ್ನುವ ಜಾಗದ ಕಡೆ ಇನ್ನೊಂದು ಕಾರಣವೂ ಇದೆ. ಚಳಿಗಾಲದ ರಾತ್ರಿ ಆಲಿವ್ ರಿಡ್ಲೆ ಆಮೆ ಬಂದು ಮರಳಲ್ಲಿ ನೂರರ ಹತ್ತಿರ ಮೊಟ್ಟೆ ಇಟ್ಟು ಹೋಗುತ್ತದೆ, ಮರಿಯಾಗಲು 45ರಿಂದ 60 ದಿನ ಬೇಕು. ಅರಣ್ಯ ಇಲಾಖೆಯವರು ಸುತ್ತ ಬಲೆ ಕಟ್ಟಿ ಕಾಯುತ್ತಾರೆ. ನಾಯಿ ಒಂದು ಸಲ ಕೆರೆದರೆ ಮುಗಿಯಿತು, ಆ ಗೂಡು ಹೋಯಿತು. ಕಾನೂನೂ ಬಿಡುವುದಿಲ್ಲ, ಈ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಬಲೆ ಕಟ್ಟಿದ ಗೂಡು ಕಂಡರೆ, ಯಾವ ತೀರವೇ ಇರಲಿ, ದೂರ ಸುತ್ತಿ ಹೋಗಿ.

ಪ್ರಶ್ನೆ: ನಮ್ಮ ನಾಯಿ ಕೊಳೆತ ತಾರ್ಲೆ ಮೀನಿನ ಮೇಲೆ ಹೊರಳಾಡಿದೆ. ಎರಡು ಸಲ ಸೀಗೆಪುಡಿ ಹಾಕಿ ಮೀಯಿಸಿದರೂ ವಾಸನೆ ಹೋಗಿಲ್ಲ. ಏನು ಮಾಡಲಿ?

ಉತ್ತರ: ಸೀಗೆಪುಡಿ ಬೇಡ ತಂಗೀ, ಪಾಪ, ಕಣ್ಣು ಉರಿಯುತ್ತದೆ. ಮೊದಲು ಬರೀ ಸಿಹಿನೀರಲ್ಲಿ ಉಪ್ಪು ಮರಳು ಪೂರ್ತಿ ಬಿಡಿಸಿ, ಕಾಲ್ಬೆರಳ ಸಂದಿ ಮರೆಯಬೇಡಿ. ಆಮೇಲೆ ನಾಯಿ ಶಾಂಪೂ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆದು, ಕಿವಿ ಒಣಗಿಸಿ. ಕುತ್ತಿಗೆ ಬೆಲ್ಟ್ ಬಿಚ್ಚಿದ್ದೀರಾ? ಹತ್ತರಲ್ಲಿ ಎಂಟು ಜನ ಬಿಚ್ಚಿರುವುದಿಲ್ಲ, ವಾಸನೆ ಅಲ್ಲೇ ಕುಳಿತಿರುತ್ತದೆ. ಕಾರಿನ ಸೀಟಿನ ಬಗ್ಗೆ ಮಾತ್ರ ನನ್ನನ್ನು ಕೇಳಬೇಡಿ. ನನ್ನ ಕಾರಲ್ಲಿ ಎರಡು ವರ್ಷದ ಹಿಂದಿನ ತಾರ್ಲೆ ಈಗಲೂ ಮಳೆ ಬಂದಾಗ ನೆನಪಾಗುತ್ತದೆ.