ಲಾಕ್‌ಡೌನ್ ಕಾಲದಲ್ಲೂ ಮಾದಕವಸ್ತು ಚುಚ್ಚಿಕೊಳ್ಳುವವರಿಗೆ ಸೂಜಿ ಮತ್ತು ಬದಲಿ ಔಷಧ ಒದಗಿಸುವುದು ಏಕೆ ಅಗತ್ಯ?

ಬಸ್ಸು, ಅಂಗಡಿಗಳು ನಿಂತ ಮಾತ್ರಕ್ಕೆ ವ್ಯಸನ ನಿಲ್ಲುವುದಿಲ್ಲ. ಹೊಸ ಸೂಜಿ ಸಿಗದಿದ್ದಾಗ ಒಂದೇ ಸೂಜಿ ಹಲವರ ಕೈ ದಾಟುತ್ತದೆ. ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಹರಡುವ ದಾರಿಗಳಲ್ಲಿ ಇದೂ ಒಂದು. 2017ರ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ಶೇ 0.22 ಇದ್ದರೆ, ಚುಚ್ಚಿಕೊಳ್ಳುವವರಲ್ಲಿ ಅದು ಶೇ 6ನ್ನು ಮೀರಿತ್ತು.

ಹೆರಾಯಿನ್‌ನಂಥ ಮಾದಕವಸ್ತುವಿನ ಬದಲಿಗೆ ಕೊಡುವ ಔಷಧವಾದ ಬುಪ್ರೆನಾರ್ಫಿನ್ ಮಾತ್ರೆಯನ್ನು ಸಾಮಾನ್ಯವಾಗಿ ಪ್ರತಿದಿನ ಚಿಕಿತ್ಸಾ ಕೇಂದ್ರಕ್ಕೆ ಬಂದು, ಸಿಬ್ಬಂದಿಯ ಎದುರಿನಲ್ಲೇ ನಾಲಿಗೆಯಡಿ ಇಟ್ಟು ಕರಗಿಸಿಕೊಳ್ಳಬೇಕು. 2020ರ ಮಾರ್ಚ್‌ನಲ್ಲಿ ಸಂಚಾರವೇ ಸ್ಥಗಿತಗೊಂಡಾಗ ಈ ಕ್ರಮ ಅಸಾಧ್ಯವಾಯಿತು. ಆಗ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯು ಹಲವು ದಿನಗಳ ಮಾತ್ರೆಗಳನ್ನು ಒಟ್ಟಿಗೆ ಮನೆಗೆ ಕೊಡಲು ಅವಕಾಶ ನೀಡಿತು. ಮಾತ್ರೆ ಕಳ್ಳಮಾರಾಟಕ್ಕೆ ಹೋಗಬಹುದೆಂಬ ಆತಂಕ ನಿರಾಧಾರವಲ್ಲವಾದರೂ, ಚಿಕಿತ್ಸೆ ತಪ್ಪಿಸುವುದು ಅದಕ್ಕಿಂತ ದೊಡ್ಡ ಅಪಾಯವೆಂಬುದು ನನ್ನ ದೃಢವಾದ ಅಭಿಪ್ರಾಯ. ಔಷಧ ಹಠಾತ್ತನೆ ನಿಂತರೆ ಮೈಕೈ ನೋವು, ವಾಂತಿ, ನಿದ್ರಾಹೀನತೆ ಕಾಡಿ, ವ್ಯಕ್ತಿ ಮತ್ತೆ ಹೆರಾಯಿನ್‌ಗೆ ಮರಳುವ ಸಾಧ್ಯತೆ ಹೆಚ್ಚು. ಹೆರಾಯಿನ್ ಬಿಟ್ಟಿದ್ದ ಅವಧಿಯಲ್ಲಿ ಅದನ್ನು ತಾಳಿಕೊಳ್ಳುವ ದೇಹದ ಶಕ್ತಿ ಕುಗ್ಗಿರುವುದರಿಂದ, ಹಿಂದೆ ತಡೆದುಕೊಂಡಿದ್ದ ಪ್ರಮಾಣವೇ ಈಗ ಉಸಿರಾಟವನ್ನು ನಿಲ್ಲಿಸಬಹುದು. ಆದ್ದರಿಂದ ಮಾತ್ರೆ ಮತ್ತು ಸೂಜಿಗಳ ಜೊತೆಗೆ, ಅತಿಸೇವನೆಯ ಪರಿಣಾಮವನ್ನು ತಡೆಯುವ ನಲಾಕ್ಸೋನ್ ಕೂಡ ಅವರ ಮನೆಯವರಿಗೆ, ಸಂಗಡಿಗರಿಗೆ ಸಿಗುವಂತಿರಬೇಕು.