ನಿವೃತ್ತಿಯ ಮನೆ ಎಷ್ಟು ಜನಕ್ಕೆ?

‘ಮಕ್ಕಳು ಒಬ್ಬೊಬ್ಬರು ಒಂದೊಂದು ಕಡೆ ಇದ್ದಾರೆ. ನಾವೀಗ ಎಲ್ಲಿರಬೇಕು ಹೇಳಿ.’

ಈಚೆಗೆ ಸಲಹೆಗಾರ್ತಿಯಾದ ನನ್ನ ಹತ್ತಿರ ಬರುವ ನಿವೃತ್ತ ದಂಪತಿಗಳಲ್ಲಿ ಸುಮಾರು ಜನ ಮಾತು ಶುರು ಮಾಡುವುದೇ ಹೀಗೆ. ಊರು, ಕೆಲಸ, ಮಕ್ಕಳ ಸಂಖ್ಯೆ ಬೇರೆ ಬೇರೆ ಇರುತ್ತದೆ, ಪ್ರಶ್ನೆ ಮಾತ್ರ ಅದೇ. ಅವರಲ್ಲಿ ಒಂದು ಜೋಡಿಯ ವಿಷಯ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಇವರನ್ನೇ ಆರಿಸಿಕೊಳ್ಳಲು ಒಂದು ಕಾರಣವಿದೆ. ನಾನು ಕೊಟ್ಟ ಸಲಹೆ ಕೇಳಿ ಇವರ ಮಗಳಿಗೆ ಸಿಟ್ಟು ಬಂತು. ಅವಳಿಗೆ ಕೊಟ್ಟ ಉತ್ತರ ಇನ್ನೂ ಹಲವರಿಗೆ ಬೇಕಾಗಬಹುದು.

ಯಜಮಾನರಿಗೆ 62. ಕೆಲಸ ಬಿಟ್ಟು ವರ್ಷವಾಗಿತ್ತು. ಆಕೆ ಅವರಿಗಿಂತ ಐದು ವರ್ಷ ಚಿಕ್ಕವರು. ದೊಡ್ಡ ಮಗ ಹೊರದೇಶದಲ್ಲಿ, ಮಗಳು ದೊಡ್ಡ ನಗರದಲ್ಲಿ, ಚಿಕ್ಕ ಮಗನದು ವರ್ಗಾವಣೆಯ ಕೆಲಸ. ಇರುವುದು ಸ್ವಂತ ಮನೆ, ಮೊದಲನೇ ಮಹಡಿ. ಇಬ್ಬರಿಗೂ ಸದ್ಯಕ್ಕೆ ಆರೋಗ್ಯ ಚೆನ್ನಾಗಿದೆ. ಹಣಕ್ಕೂ ತೀರಾ ತಾಪತ್ರಯವಿಲ್ಲ. ಹಿನ್ನೆಲೆ ಇಷ್ಟು ಸಾಕು.

ಯಜಮಾನರು ಬರುವಾಗಲೇ ಒಂದು ದೊಡ್ಡ ಹಾಳೆ ತಂದಿದ್ದರು. ಎಡಗಡೆ ನಾಲ್ಕು ಜಾಗ: ಈಗಿನ ಮನೆ, ಮಗಳ ಮನೆ ಹತ್ತಿರ ಒಂದು ಫ್ಲ್ಯಾಟ್, ಅರ್ಧ ವರ್ಷ ದೊಡ್ಡ ಮಗನ ಜೊತೆ, ಊರಾಚೆಯ ಬಡಾವಣೆಯಲ್ಲಿ ಹೊಸದಾಗಿ ಕಟ್ಟುವ ಮನೆ. ಮೇಲ್ಗಡೆ ಖರ್ಚು, ಗಾಳಿ, ಸದ್ದು, ಆಸ್ಪತ್ರೆಯ ದೂರ, ಮಕ್ಕಳ ದೂರ. ಪ್ರತಿ ಚೌಕಕ್ಕೂ ಅಂಕ ಕೊಟ್ಟಿದ್ದರು. ಗೆದ್ದಿದ್ದು ಊರಾಚೆಯ ಮನೆ. ಆ ಸಾಲಿನ ಸುತ್ತ ಕೆಂಪು ಗೆರೆ ಎಳೆದು, ಅದರ ಮೇಲೆ ಇನ್ನೊಂದು ಸಲ ಎಳೆದಿದ್ದರು. ಲೆಕ್ಕ ಮುಗಿದಿತ್ತು, ನನ್ನಿಂದ ಬೇಕಾಗಿದ್ದು ಬರೀ ರುಜು.

‘ಇದರಲ್ಲಿ ನಿಮ್ಮ ಅಂಕ ಎಲ್ಲಿದೆ?’ ಅಂತ ಆಕೆಯನ್ನು ಕೇಳಿದೆ.

‘ಅವಳಿಗೆ ಎಲ್ಲಾದರೂ ಸರಿ’ ಅಂತ ಯಜಮಾನರೇ ಉತ್ತರ ಕೊಟ್ಟರು. ಆಕೆ ತಲೆ ಆಡಿಸಿದರು.

‘ಎಲ್ಲಾದರೂ ಸರಿ’ ಅನ್ನುವ ಮಾತನ್ನು ನಾನು ಯಾವತ್ತೂ ಒಪ್ಪಿಗೆ ಅಂತ ಬರೆದುಕೊಳ್ಳುವುದಿಲ್ಲ. ಅದು ಬಹಳ ಸಲ ಸುಸ್ತಿನ ಮಾತು. ಹೇಳಿ ಪ್ರಯೋಜನ ಇಲ್ಲ ಅಂತ ಎಂದೋ ತೀರ್ಮಾನ ಮಾಡಿಕೊಂಡವರು ಆಡುವ ಮಾತು. ಹಾಗಾಗಿ ಆ ದಿನ ಊರಿನ ವಿಷಯ ಬಿಟ್ಟು, ಮುಂದಿನ ಸಲ ಬರುವಾಗ ಇಬ್ಬರೂ ಬೇರೆ ಬೇರೆ ಒಂದು ಹಾಳೆ ಬರೆದು ತನ್ನಿ ಅಂದೆ. ವಾರದ ಮಧ್ಯದ ಒಂದು ಸಾಧಾರಣ ದಿನ. ಹಬ್ಬ ಅಲ್ಲ, ರಜೆ ಅಲ್ಲ. ಬೆಳಗಿನಿಂದ ರಾತ್ರಿವರೆಗೆ ಯಾರ ಜೊತೆ ಮಾತಾಡಿದಿರಿ, ಯಾವ ಕೆಲಸ ಮಾಡಿದಿರಿ, ಎಲ್ಲಿಗೆ ಹೇಗೆ ಹೋದಿರಿ. ಅಷ್ಟೇ.

ಅವರ ಹಾಳೆಯಲ್ಲಿ ಬ್ಯಾಂಕು, ತೆರಿಗೆ, ಕಾರು, ರಿಪೇರಿ, ಇಂಟರ್ನೆಟ್. ಆಕೆಯ ಹಾಳೆಯಲ್ಲಿ ಅಡುಗೆ, ಅವರ ಮಾತ್ರೆ, ಕೆಳಗಿನ ಮನೆಯವರು, ಎದುರು ಮನೆಯ ಹುಡುಗಿಗೆ ಪಾಠ, ನಾದಿನಿಗೆ ಫೋನು, ನಡೆದುಕೊಂಡು ಹೋಗಿ ಬರುವ ಲೈಬ್ರರಿ. ಎರಡೂ ಹಾಳೆಯನ್ನು ಪಕ್ಕಪಕ್ಕ ಇಟ್ಟೆ. ಏನೂ ಹೇಳಲಿಲ್ಲ. ಆಕೆ ಒಂದಷ್ಟು ಹೊತ್ತು ನೋಡಿದರು. ಆಮೇಲೆ ಯಜಮಾನರ ಹಳೆಯ ಅಂಕದ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು, ಕೆಂಪು ಗೆರೆಯ ಮೇಲೆ ಬೆರಳಿಟ್ಟು ಹೇಳಿದರು:

‘ಇವರು ಮನೆ ಹುಡುಕ್ತಿರೋದು ಇಬ್ಬರಿಗೆ. ಕೊನೆಗೆ ಅಲ್ಲಿ ಉಳಿಯೋದು ಒಬ್ಬರೇ ಅಲ್ವಾ ಮೇಡಂ? ಆ ಒಬ್ಬರು ನಾನೇ ಆದ್ರೆ? ನನಗೆ ಕಾರು ಓಡಿಸೋಕೆ ಬರಲ್ಲ.’

ಯಜಮಾನರಿಗೆ ಸಿಟ್ಟು ಬಂತು. ‘ಈಗ್ಯಾಕೆ ಆ ಮಾತು? ನಾನು ಇನ್ನೂ ಗಟ್ಟಿಯಾಗೇ ಇದ್ದೀನಲ್ಲ’ ಅಂದರು. ಆಕೆ ಮತ್ತೆ ಸುಮ್ಮನಾಗುವ ಹಾಗೆ ಕಂಡಿತು. ಅಲ್ಲಿ ನಾನು ಬಾಯಿ ಹಾಕಿದೆ. ಆಕೆಯ ಮಾತನ್ನು ಹೋಗಲು ಬಿಟ್ಟಿದ್ದರೆ ಅದು ಇನ್ನೊಮ್ಮೆ ಹೊರಗೆ ಬರುತ್ತಿರಲಿಲ್ಲ ಅಂತ ನನಗೆ ಅನ್ನಿಸಿತು.

‘ಇದನ್ನೇ ಲೆಕ್ಕಕ್ಕೆ ತಗೊಳ್ಳೋಣ’ ಅಂದೆ. ‘ಈ ನಾಲ್ಕು ಜಾಗದಲ್ಲೂ ನೀವಿಲ್ಲ ಅಂದುಕೊಂಡು ಆಕೆ ಅಂಕ ಕೊಡಲಿ. ಆಮೇಲೆ ಆಕೆ ಇಲ್ಲ ಅಂದುಕೊಂಡು ನೀವು ಕೊಡಿ.’

ಆಕೆ ಬೇಗ ಬರೆದರು. ಊರಾಚೆಯ ಮನೆಗೆ ಸೊನ್ನೆ. ಬಸ್ಸಿಲ್ಲ, ಅಕ್ಕಪಕ್ಕ ಇನ್ನೂ ಖಾಲಿ ಸೈಟು. ದೊಡ್ಡ ಮಗನ ಮನೆಗೂ ಕಡಿಮೆಯೇ. ‘ಅವರಿಬ್ಬರೂ ಕೆಲಸಕ್ಕೆ ಹೋದ್ಮೇಲೆ ಸಂಜೆವರೆಗೆ ನಾನು ಯಾರ ಜೊತೆ ಮಾತಾಡಲಿ?’

ಯಜಮಾನರು ಪೆನ್ನು ಹಿಡಿದು ಕೂತೇ ಇದ್ದರು. ಒಂದು ಚೌಕವನ್ನೂ ತುಂಬಲಿಲ್ಲ. ಕೊನೆಗೆ ಜೇಬಿನಿಂದ ಫೋನ್ ತೆಗೆದು ಹೆಸರುಗಳನ್ನು ಮೇಲಿನಿಂದ ಕೆಳಗೆ ಸರಿಸುತ್ತಾ ಹೋದರು. ‘ಇದರಲ್ಲಿ ಇರೋದೆಲ್ಲ ಆಫೀಸಿನವರು. ಕೆಳಗಿನ ಮನೆಯವರ ನಂಬರ್ ಕೂಡ ಇವಳ ಹತ್ರಾನೇ ಇರೋದು’ ಅಂದರು. ಆಮೇಲೆ ಅಂಕದ ಹಾಳೆಯನ್ನು ಮಡಚಿದರು. ಅದನ್ನು ಮತ್ತೆ ತೆಗೆದಿದ್ದು ನಾನು ನೋಡಿಲ್ಲ.

ನಿವೃತ್ತರ ವಲಸೆಯ ಬಗ್ಗೆ ಅಮೆರಿಕದ ಸಮಾಜಶಾಸ್ತ್ರಜ್ಞರಾದ ಯೂಜೀನ್ ಲಿಟ್ವಾಕ್ ಮತ್ತು ಚಾರ್ಲ್ಸ್ ಲಾಂಜಿನೊ 1987ರಲ್ಲಿ ಬರೆದ ಒಂದು ಲೇಖನ ನನಗೆ ಇಂಥ ಹೊತ್ತಿನಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಅವರ ಪ್ರಕಾರ ಮನೆ ಬದಲಿಸುವುದು ಮೂರು ಹಂತದಲ್ಲಿ ಆಗುತ್ತದೆ. ಆರೋಗ್ಯ ಚೆನ್ನಾಗಿದ್ದು ಗಂಡ ಹೆಂಡತಿ ಇಬ್ಬರೂ ಇರುವಾಗ, ಒಳ್ಳೆ ಜಾಗ ಅಂತ ಹೋಗುವುದು ಮೊದಲನೆಯದು. ದಿನದ ಕೆಲಸ ಕಷ್ಟವಾದಾಗ, ಅದರಲ್ಲೂ ಸಂಗಾತಿ ಇಲ್ಲವಾದಾಗ, ಮಕ್ಕಳ ಹತ್ತಿರಕ್ಕೆ ಹೋಗುವುದು ಎರಡನೆಯದು. ಮನೆಯವರ ಕೈಯಲ್ಲೂ ಆಗದೇ ಹೋದಾಗ ಆರೈಕೆಯ ಸಂಸ್ಥೆಗೆ ಹೋಗುವುದು ಮೂರನೆಯದು. ಎಲ್ಲರೂ ಮೂರನ್ನೂ ದಾಟುವುದಿಲ್ಲ. ಆದರೆ ಯಜಮಾನರ ಹಾಳೆ ಪೂರ್ತಿ ಮೊದಲ ಹಂತದ್ದು, ಆಕೆಯ ಭಯ ಎರಡನೆಯದ್ದು. ಒಂದೇ ಮನೆಯಲ್ಲಿ ಕೂತು ಇಬ್ಬರೂ ಬೇರೆ ಬೇರೆ ಕಾಲದ ಬಗ್ಗೆ ಯೋಚಿಸುತ್ತಿದ್ದರು. ನನ್ನ ಹತ್ತಿರ ಬರುವ ಜಗಳಗಳಲ್ಲಿ ಜಾಸ್ತಿ ಇದೇ.

ಇನ್ನು ಸಲಹೆ. ಇಬ್ಬರಲ್ಲಿ ಯಾರು ಉಳಿದರೂ ಒಬ್ಬರೇ ಬದುಕಲು ಆಗುವ ಜಾಗ ಆರಿಸಿ ಅಂದೆ. ನಡೆದು ಹೋಗುವಷ್ಟರಲ್ಲಿ ಔಷಧಿ, ದಿನಸಿ, ಬಸ್ಸು, ನಾಲ್ಕು ಜನ ಪರಿಚಯದವರು ಇರಬೇಕು. ಮೆಟ್ಟಿಲು ಹತ್ತದೆ ಮನೆ ಸೇರುವ ಹಾಗಿರಬೇಕು. 65 ದಾಟಿದವರಲ್ಲಿ ಪ್ರತಿವರ್ಷ ಸುಮಾರು 28ರಿಂದ 35 ಶೇಕಡಾ ಜನ ಎಲ್ಲಾದರೂ ಬೀಳುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರ ವರದಿಯಲ್ಲಿ ಹೇಳಿದೆ. ಬಿದ್ದಾಗ ಕೂಗಿದರೆ ಯಾರಿಗೆ ಕೇಳಿಸುತ್ತದೆ ಅನ್ನುವುದೂ ಮನೆಯ ಲಕ್ಷಣವೇ. ಜಾಹೀರಾತಿನಲ್ಲಿ ಅದು ಇರುವುದಿಲ್ಲ, ಅಷ್ಟೇ.

ಮಗಳ ಹತ್ತಿರ ಹೋಗುವುದಾದರೆ ಹತ್ತಿರ ಇರಿ, ಅವಳ ಮನೆಯಲ್ಲೇ ಬೇಡ ಅಂದೆ. ಆಸ್ಟ್ರಿಯಾದ ಸಮಾಜಶಾಸ್ತ್ರಜ್ಞರಾದ ಲಿಯೋಪೋಲ್ಡ್ ರೋಸೆನ್‌ಮೈಯರ್ ಮತ್ತು ಎವಾ ಕೊಕೈಸ್ 1963ರಲ್ಲೇ ಇದನ್ನು ಬರೆದಿದ್ದಾರೆ. ಹಿರಿಯರು ಮಕ್ಕಳ ಒಡನಾಟ ಬಯಸುತ್ತಾರೆ, ಜೊತೆಗೇ ತಮ್ಮ ಬಾಗಿಲ ಬೀಗವೂ ತಮ್ಮ ಕೈಯಲ್ಲಿರಲಿ ಅಂತ ಬಯಸುತ್ತಾರೆ. ಇದನ್ನು ಬಾಯಿಬಿಟ್ಟು ಹೇಳಿದರೆ ಮಕ್ಕಳಿಗೆ ಬೇಜಾರಾಗುತ್ತದೆ ಅಂತ ಅಪ್ಪ ಅಮ್ಮ ಹೇಳುವುದಿಲ್ಲ. ಹೇಳದೇ ಹೋಗಿ, ಆಮೇಲೆ ಅಡುಗೆಮನೆಯಲ್ಲಿ ಅದೇ ಮಾತು ಬೇರೆ ರೂಪದಲ್ಲಿ ಹೊರಗೆ ಬರುತ್ತದೆ.

ಅದಕ್ಕೂ ಮೊದಲು ಮಗಳನ್ನೇ ಒಂದು ಪ್ರಶ್ನೆ ಕೇಳಿ ಅಂದಿದ್ದೆ: ಈ ಊರಲ್ಲಿ ನೀನು ಎಷ್ಟು ವರ್ಷ ಇರ್ತೀಯ? ಕೆಲಸದ ಮೇಲೆ ಊರು ಬದಲಿಸುವ ಮಕ್ಕಳ ಹಿಂದೆ ಮನೆ ಕೊಳ್ಳುವುದು ಓಡುವ ಬಸ್ಸಿನ ಹಿಂದೆ ಸ್ಟಾಪು ಕಟ್ಟಿದ ಹಾಗೆ. ಚಿಕ್ಕ ಮಗನನ್ನು ಪಟ್ಟಿಯಿಂದ ಬಿಟ್ಟಿದ್ದು ಇದೇ ಕಾರಣಕ್ಕೆ. ಇನ್ನೊಂದು ಪ್ರಶ್ನೆಯೂ ಇತ್ತು. ಮೊಮ್ಮಗುವನ್ನು ನೋಡಿಕೊಳ್ಳಲು ಕರೆಯುತ್ತಿದ್ದೀಯಾ, ಅಥವಾ ನಮ್ಮನ್ನು ನೋಡಿಕೊಳ್ಳಲು ಕರೆಯುತ್ತಿದ್ದೀಯಾ? ಎರಡೂ ತಪ್ಪಲ್ಲ. ಆದರೆ ಯಾವುದಕ್ಕೆ ಅಂತ ಗೊತ್ತಿಲ್ಲದೆ ಹೋದ ಎಷ್ಟೋ ಅಜ್ಜಿಯರು ನನ್ನ ಮುಂದೆ ಕೂತು ಅತ್ತಿದ್ದಾರೆ. ದಿನಕ್ಕೆ ಎಷ್ಟು ಗಂಟೆ, ಮಗುವಿಗೆ ಎಷ್ಟು ವಯಸ್ಸಾಗುವವರೆಗೆ, ಅಂತ ಮೊದಲೇ ಮಾತಾಡಿಕೊಂಡರೆ ಪ್ರೀತಿ ಕಡಿಮೆಯಾಗುವುದಿಲ್ಲ.

ಮನೆ ಮಾರುವುದು ಸದ್ಯಕ್ಕೆ ಬೇಡ, ಬಾಡಿಗೆಗೆ ಕೊಟ್ಟು ಬಾಡಿಗೆಗೆ ಹೋಗಿ, ಒಂದು ವರ್ಷ ಎಲ್ಲ ಕಾಲವನ್ನೂ ಅಲ್ಲಿ ಕಳೆಯಿರಿ ಅಂದೆ. ರಜೆಯಲ್ಲಿ ಹೋಗಿ ಇಷ್ಟಪಟ್ಟ ಊರು ಬೇರೆ, ದಿನಾ ಇರುವ ಊರು ಬೇರೆ.

ಮಗಳು ಫೋನ್ ಮಾಡಿದ್ದು ಇದಾದ ಮೇಲೆ. ಅಪ್ಪ ಅಮ್ಮನ ಅನುಮತಿ ಕೇಳಿಯೇ ಅವಳ ಜೊತೆ ಮಾತಾಡಿದೆ. ‘ಗಟ್ಟಿಮುಟ್ಟಾಗಿ ಇರೋರ ಮುಂದೆ ಸಾವಿನ ಮಾತು ಯಾಕೆ ಎತ್ತಿದ್ರಿ? ಅಮ್ಮ ರಾತ್ರಿ ನಿದ್ದೆ ಮಾಡಿಲ್ಲ’ ಅಂದಳು. ಆ ಮಾತು ಎತ್ತಿದ್ದು ನಿಮ್ಮ ಅಮ್ಮ, ನಾನು ಮುಚ್ಚಲಿಲ್ಲ ಅಷ್ಟೇ, ಅಂದೆ. ಅವಳಿಗೆ ಸಮಾಧಾನ ಆಗಲಿಲ್ಲ.

ಆಗ ಅವಳಿಗೆ ಒಂದು ಪಟ್ಟಿಯ ವಿಷಯ ಹೇಳಿದೆ. ಥಾಮಸ್ ಹೋಮ್ಸ್, ರಿಚರ್ಡ್ ರಾಹೆ ಅನ್ನುವ ಇಬ್ಬರು ಮನೋವೈದ್ಯರು 1967ರಲ್ಲಿ ಬದುಕಿನ 43 ಘಟನೆಗಳಿಗೆ ಒತ್ತಡದ ಅಂಕ ಕೊಟ್ಟರು. ಸಂಗಾತಿಯ ಸಾವಿಗೆ 100. ನಿವೃತ್ತಿಗೆ 45. ಮನೆ ಬದಲಿಸುವುದಕ್ಕೆ 20. ಹಳೇ ಪಟ್ಟಿ, ಅಂಕಗಳ ಬಗ್ಗೆ ತಕರಾರು ತೆಗೆಯಬಹುದು. ಒಂದೇ ಮನೆಯಲ್ಲಿ ಬಹಳ ವರ್ಷ ಬಾಳಿದವರಿಗೆ 20 ತೀರಾ ಕಡಿಮೆ ಅಂತಲೇ ನನ್ನ ಅನಿಸಿಕೆ. ಆದರೂ ಒಂದು ಲೆಕ್ಕ ಅದರಲ್ಲಿ ಕಾಣುತ್ತದೆ. ನೂರರ ಪೆಟ್ಟು ಬಿದ್ದ ತಿಂಗಳಲ್ಲೇ ಮಕ್ಕಳು ಬಂದು, ಗಂಟುಮೂಟೆ ಕಟ್ಟಿಸಿ, ಅಮ್ಮನನ್ನು ಗೊತ್ತಿಲ್ಲದ ಊರಿಗೆ ಕರೆದುಕೊಂಡು ಹೋಗುತ್ತಾರೆ. ಒಳ್ಳೆ ಮನಸ್ಸಿನಿಂದಲೇ. ಅಲ್ಲಿ ಆಕೆಗೆ ಔಷಧಿ ಅಂಗಡಿ ಎಲ್ಲಿದೆ ಅಂತ ಗೊತ್ತಿರುವುದಿಲ್ಲ, ಹೋದವರ ನೆನಪು ಹಂಚಿಕೊಳ್ಳಲು ಅವರನ್ನು ಕಂಡಿದ್ದ ಒಬ್ಬರೂ ಇರುವುದಿಲ್ಲ. ಹೋಗುವುದೇ ಆದರೆ ಇಬ್ಬರೂ ಇರುವಾಗ ಹೋಗಬೇಕು. ಇಬ್ಬರೂ ಸೇರಿ ಪರಿಚಯ ಮಾಡಿಕೊಂಡ ಬೀದಿಯಲ್ಲಿ ಒಬ್ಬರು ಬದುಕಬಹುದು.

‘ಆದ್ರೂ...’ ಅಂದಳು ಮಗಳು. ಫೋನ್ ಇಡುವ ಮೊದಲು, ಅವರು ಹುಡುಕುತ್ತಿದ್ದ ಫ್ಲ್ಯಾಟಿನಲ್ಲಿ ಲಿಫ್ಟ್ ಇದೆಯಾ ಅಂತ ನೋಡುತ್ತೇನೆ ಅಂದಳು.

ನನ್ನ ಜೊತೆಯ ಕೆಲವು ಸಲಹೆಗಾರರ ಆಕ್ಷೇಪ ಬೇರೆ. ನಾವು ದಾರಿ ತೋರಿಸಬಾರದು, ಬಂದವರೇ ಕಂಡುಕೊಳ್ಳಬೇಕು ಅಂತ. ಆ ಪಾಠವನ್ನು ನಾನೂ ಓದಿದ್ದೇನೆ. ಆದರೆ ಒಬ್ಬರ ಹತ್ತಿರ ಪೆನ್ನು, ಹಾಳೆ, ಅಂಕ ಎಲ್ಲ ಇದ್ದು, ಇನ್ನೊಬ್ಬರ ಹತ್ತಿರ ‘ಎಲ್ಲಾದರೂ ಸರಿ’ ಮಾತ್ರ ಇರುವಾಗ ನಾನು ನಡುವೆ ಸುಮ್ಮನೆ ಕೂತರೆ, ಪೆನ್ನು ಹಿಡಿದವರ ಪರ ಕೂತ ಹಾಗಾಗುತ್ತದೆ. ಮನೆ ಮಾರಿದ ಮೇಲೆ ವಾಪಸ್ ಬರುವುದು ಸುಲಭವಲ್ಲ. ಇಂಥ ಕಡೆ ನಾನು ನೇರವಾಗಿಯೇ ಹೇಳುತ್ತೇನೆ. ಮುಂದೆಯೂ ಹೇಳುತ್ತೇನೆ.

ಕೊನೆಯ ಸಲಹೆ ಮನೆಗೆ ಸಂಬಂಧಿಸಿದ್ದಲ್ಲ. ವಾರಕ್ಕೆ ಒಂದು ದಿನ ಇಬ್ಬರೂ ಹಾಳೆ ಅದಲು ಬದಲು ಮಾಡಿಕೊಳ್ಳಿ ಅಂದಿದ್ದೆ. ಅವರ ಕೆಲಸ ಇವರು, ಇವರ ಕೆಲಸ ಅವರು. ಆಕೆ ಈಗ ಬ್ಯಾಂಕಿನ ಕೆಲಸ ಪೂರ್ತಿ ಮಾಡುತ್ತಾರೆ. ಒಂದು ಹಳೆಯ ಪಾಲಿಸಿಗೆ ನಾಮಿನಿಯ ಹೆಸರೇ ಹಾಕಿರಲಿಲ್ಲ ಅಂತ ಕಂಡುಹಿಡಿದವರೂ ಆಕೆಯೇ. ಯಜಮಾನರು ಅಡುಗೆಗೆ ಇನ್ನೂ ಒಗ್ಗಿಲ್ಲ. ಆದರೆ ಹೊಸ ಜಾಗದಲ್ಲಿ ಬೆಳಗ್ಗೆ ನಡೆಯಲು ಹೋಗುವ ಗುಂಪೊಂದಕ್ಕೆ ಸೇರಿದ್ದಾರೆ.

ಹೌದು, ಮಗಳ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಬಾಡಿಗೆ ಮನೆ ಸಿಕ್ಕಿತು. ಲಿಫ್ಟ್ ಇದೆ. ಹಳೆಯ ಮನೆಯನ್ನು ಕೆಳಗಿನ ಮನೆಯವರ ಪರಿಚಯದವರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಊರಾಚೆಯ ಸೈಟು ಹಾಗೇ ಇದೆ. ಅದನ್ನು ಮಾರಲು ಯಜಮಾನರಿಗೆ ಇನ್ನೂ ಮನಸ್ಸಿಲ್ಲ, ಆಕೆಯೂ ಒತ್ತಾಯ ಮಾಡಿಲ್ಲ. ಚಿಕ್ಕ ಮಗನಿಗೆ ಮಾತ್ರ ಮುನಿಸು ಇಳಿದಿಲ್ಲ. ‘ನಿಮ್ಮ ಹಾಳೆಯಲ್ಲಿ ನನಗೆ ಒಂದು ಸಾಲೂ ಇರಲಿಲ್ಲ’ ಅನ್ನುತ್ತಾನಂತೆ. ಅವನ ಜೊತೆ ಮಾತಾಡುವ ಕೆಲಸವನ್ನು ಯಜಮಾನರಿಗೇ ವಹಿಸಿದ್ದೇನೆ. ಮೊದಲನೇ ಮಾತು ಏನಾಗಿರಬೇಕು ಅಂತ ಕೇಳಿಕೊಂಡು ಮುಂದಿನ ವಾರ ಬರುತ್ತಿದ್ದಾರೆ.